ಕೆಂಪು ಬಂತು, ನೀಲಿ ಹೋಯಿತು

ಸಂಪಾದಕ ಮಿತ್ರರು ಈ ಸಂಚಿಕೆಗೆ ಏನಾದರೂ ಕೊಡು ಎಂದು ಗಂಟುಬಿದ್ದಾಗ ನನ್ನ ಬಳಿ ಕವನವೂ ಇರಲಿಲ್ಲ, ಕತೆಯೂ ಇರಲಿಲ್ಲ. ಇದ್ದದ್ದು ನನ್ನ ಅಕ್ಕನ ಹೃದಯ ಪರೀಕ್ಷೆಯ ಮೂರು ವರದಿಗಳು ಮಾತ್ರ. ನಾನು ಬಿ.ಕಾಂ. ಓದುವವನು, ಹತ್ತನೆಯ ಇಯತ್ತೆಯವರೆಗೆ ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಯಲ್ಲಿ ಕಲಿತವನು. ವೈದ್ಯಶಾಸ್ತ್ರದ ಬಗ್ಗೆ ಬರೆಯಲು ಇವನಿಗೇನು ಅಧಿಕಾರ ಎಂದು ನೀವು ಕೇಳಬಹುದು. ಅಧಿಕಾರವೇನೂ ಇಲ್ಲ. ಆ ವರದಿಗಳನ್ನು ತಪ್ಪಾಗಿ ಓದಿ ಮನೆಮಂದಿಯನ್ನೆಲ್ಲ ಒಂದು ರಾತ್ರಿ ಅಳಿಸಿದವನು ನಾನೇ. ಆಮೇಲೆ ಕೇಳಿ, ಓದಿ ತಿಳಿದುಕೊಂಡದ್ದನ್ನು ಬರೆದಿಡುವುದು ನ್ಯಾಯವೆನಿಸಿತು.

ಅಕ್ಕ ಇರುವುದು ಪುಣೆಯ ಹತ್ತಿರ ಭೋಸರಿಯಲ್ಲಿ. ಭಾವ ಅಲ್ಲಿಯ ಎಂ.ಐ.ಡಿ.ಸಿ.ಯ ಒಂದು ಕಾರಖಾನೆಯಲ್ಲಿ ಲೇಥ್ ಮಶೀನು ನಡೆಸುತ್ತಾರೆ. ಅಕ್ಕನಿಗೆ ಸಣ್ಣವಳಿದ್ದಾಗ ಗಂಟಲು ನೋವು ಬಂದು, ಮುಂದೆ ಜ್ವರ, ಮೊಣಕಾಲು ಬಾವು ಎಲ್ಲ ಆಗಿತ್ತು. ಊರಲ್ಲಿ ‘ವಾಯು’ ಅಂದರು, ಎಣ್ಣೆ ತಿಕ್ಕಿದರು, ಹೋಯಿತು. ಅದು ಹೋಗಿರಲಿಲ್ಲ. ಗಂಟಲಿಗೆ ತಗಲುವ ಒಂದು ಜಾತಿಯ ರೋಗಾಣುವಿನ ವಿರುದ್ಧ ದೇಹ ಹೂಡುವ ಯುದ್ಧ ಕೆಲವು ಮಕ್ಕಳಲ್ಲಿ ದಾರಿ ತಪ್ಪಿ ತಮ್ಮದೇ ಹೃದಯದ ಕವಾಟಗಳನ್ನು ಹಾಳುಮಾಡುತ್ತದೆ. ಇದೇ ರುಮ್ಯಾಟಿಕ್ ಜ್ವರ. ಕೀಲುಗಳ ಬಾವು ಇಳಿಯುತ್ತದೆ, ಕವಾಟದ ಗಾಯ ಉಳಿಯುತ್ತದೆ. ವರ್ಷಗಟ್ಟಲೆ ಕಳೆದ ಮೇಲೆ ಎಡಗಡೆಯ ಮೈಟ್ರಲ್ ಕವಾಟದ ಎರಡು ಎಸಳುಗಳು ಅಂಚಿನಲ್ಲಿ ಒಂದಕ್ಕೊಂದು ಅಂಟಿ ಬಾಗಿಲು ಕಿರಿದಾಗುತ್ತದೆ. ಅಕ್ಕನಿಗೆ ಇದು ಗೊತ್ತಾದದ್ದು ಇಪ್ಪತ್ತಮೂರನೆಯ ವರ್ಷಕ್ಕೆ. ಮರುವರ್ಷ ಆಕೆ ಬಸುರಿಯಾದಳು. ಆರನೆಯ ತಿಂಗಳಲ್ಲಿ ಎರಡು ಮೆಟ್ಟಿಲು ಹತ್ತಿದರೆ ಉಸಿರು ಸಿಗದಂತಾಯಿತು. ಹಾಗಾಗಿ ಮತ್ತೊಮ್ಮೆ ಎಕೋ ಪರೀಕ್ಷೆ.

ಎಕೋ ಕೋಣೆಯಲ್ಲಿ ಪರದೆಯ ಒಳಗೆ ಅಕ್ಕ ಮತ್ತು ಅವ್ವ, ಹೊರಗೆ ಬೆಂಚಿನ ಮೇಲೆ ನಾನು. ನನಗೆ ಏನೂ ಕಾಣುತ್ತಿರಲಿಲ್ಲ, ಸಪ್ಪಳ ಮಾತ್ರ ಕೇಳುತ್ತಿತ್ತು. ಕುಲುಮೆಯ ತಿದಿ ಒತ್ತಿದಂತೆ ‘ಹುಸ್ಸ್... ಹುಸ್ಸ್...’ ಎಂದು ಬಿರುಸಾದ ಸಪ್ಪಳ. ಅವ್ವ ಹೊರಗೆ ಬಂದವಳೇ ಸೆರಗಿನಿಂದ ಕಣ್ಣೊರೆಸಿಕೊಂಡು, “ಟಿ.ವಿ.ಯಾಗ ಅರ್ಧಾ ಕೆಂಪ, ಅರ್ಧಾ ನೀಲಿ ಕಾಣಲಿಕ್ಕತ್ತದಪಾ. ಅಷ್ಟೆಲ್ಲಾ ಕೆಟ್ಟ ರಕ್ತ ಅದ ಅಕಿ ಎದ್ಯಾಗ” ಅಂದಳು.

ಅವ್ವನನ್ನು ನಗಬೇಡಿ. ಆ ಕ್ಷಣದಲ್ಲಿ ನಾನೂ ಹಾಗೇ ತಿಳಿದೆ. ನಮ್ಮ ಶಾಲೆಯ ಗೋಡೆಯ ಮೇಲಿನ ಹೃದಯದ ಚಿತ್ರಪಟ ನಿಮಗೂ ನೆನಪಿರಬೇಕು: ಬಲಗಡೆ ನೀಲಿ, ಎಡಗಡೆ ಕೆಂಪು, ನೀಲಿ ಎಂದರೆ ಅಶುದ್ಧ ರಕ್ತ, ಕೆಂಪು ಎಂದರೆ ಶುದ್ಧ ರಕ್ತ. ಪರೀಕ್ಷೆಯಲ್ಲಿ ಹಾಗೆ ಬರೆದು ಅಂಕ ಪಡೆದವರು ನಾವು. ನಿಜವಾಗಿ ನಮ್ಮ ಮೈಯಲ್ಲಿ ನೀಲಿ ರಕ್ತ ಎಲ್ಲಿಯೂ ಇಲ್ಲ. ಆಮ್ಲಜನಕ ಕಡಿಮೆಯಾದ ರಕ್ತ ಕಪ್ಪುಗೆಂಪು, ಅಷ್ಟೇ. ಎಕೋ ಯಂತ್ರದ ನೀಲಿಗಂತೂ ಆ ಚಿತ್ರಪಟದ ನೀಲಿಯೊಂದಿಗೆ ಯಾವ ಸಂಬಂಧವೂ ಇಲ್ಲ. ಡಾಕ್ಟರು ಮರಾಠಿಯಲ್ಲಿ ಒಂದೇ ಮಾತು ಹೇಳಿದರು: “ರಂಗ ಮ್ಹಣಜೆ ಫಕ್ತ ದಿಶಾ.” ಬಣ್ಣವೆಂದರೆ ಬರೀ ದಿಕ್ಕು. ಎದೆಯ ಮೇಲೆ ಹಿಡಿದ ಸಾಧನದ, ಅಂದರೆ ಪ್ರೋಬಿನ, ಕಡೆಗೆ ಬರುವ ರಕ್ತಕ್ಕೆ ಯಂತ್ರ ಕೆಂಪು ಬಣ್ಣ ಹಚ್ಚುತ್ತದೆ. ಅದರಿಂದ ದೂರ ಹೋಗುವುದಕ್ಕೆ ನೀಲಿ. ಸಾಮಾನ್ಯವಾಗಿ ಎಲ್ಲೆಡೆ ಇಟ್ಟುಕೊಂಡ ರೂಢಿ ಇದು. ಗುಂಡಿ ಒತ್ತಿ ತಿರುವುಮುರುವು ಮಾಡಲೂ ಬರುತ್ತದೆ. ಅದಕ್ಕೇ ಚಿತ್ರದ ಮೂಲೆಯಲ್ಲಿ ಬಣ್ಣದ ಒಂದು ಪಟ್ಟಿ ಇರುತ್ತದೆ, ಮೇಲೆ ಯಾವುದು ಕೆಳಗೆ ಯಾವುದು ಎಂದು ತೋರಿಸಲು.

ಅಕ್ಕನ ಪರೀಕ್ಷೆಯಲ್ಲಿ ಪ್ರೋಬನ್ನು ಹಿಡಿದದ್ದು ಹೃದಯದ ಕೆಳತುದಿಯ ಮೇಲೆ. ಪುಪ್ಪುಸದಿಂದ ಬಂದ ರಕ್ತ ಎಡ ಹೃತ್ಕರ್ಣದಿಂದ ಮೈಟ್ರಲ್ ಬಾಗಿಲು ದಾಟಿ ಹೃತ್ಕುಕ್ಷಿಗೆ ಇಳಿಯುವಾಗ ಆ ತುದಿಯ ಕಡೆಗೇ ಬರುತ್ತದೆ, ಅದು ಕೆಂಪು. ಮರುಕ್ಷಣ ಹೃತ್ಕುಕ್ಷಿ ಹಿಂಡಿಕೊಂಡು ಅದೇ ರಕ್ತವನ್ನು ಮಹಾಪಧಮನಿಗೆ ನೂಕುವಾಗ ತುದಿಯಿಂದ ದೂರ ಹೋಗುತ್ತದೆ, ಅದು ನೀಲಿ. ಎರಡೂ ಶುದ್ಧ ರಕ್ತವೇ! ಅವ್ವನಿಗೆ ಹೀಗೆ ಹೇಳಿದೆ: “ಕೆಂಪು ಬಂತು, ನೀಲಿ ಹೋಯಿತು. ಎಸ್.ಟಿ. ಸ್ಟ್ಯಾಂಡಿನಾಗ ಬರೋ ಬಸ್ಸು, ಹೋಗೋ ಬಸ್ಸು ಇದ್ದಂಗ.” ಅವ್ವ ಅದನ್ನು ಒಪ್ಪಿಕೊಂಡಳು.

ಈ ಯಂತ್ರಕ್ಕೆ ದಿಕ್ಕು ತಿಳಿಯುವುದಾದರೂ ಹೇಗೆ? ಭೋಸರಿಯಿಂದ ಹತ್ತಿರದ ಕಾಸಾರವಾಡಿ ಸ್ಟೇಶನ್ನಿನಲ್ಲಿ ಲೋಕಲ್ ಗಾಡಿಗೆ ಕಾಯುತ್ತ ನಿಂತಾಗ, ನಿಲ್ಲದ ಎಕ್ಸ್‌ಪ್ರೆಸ್ ಗಾಡಿ ಹಾರ್ನ್ ಹೊಡೆಯುತ್ತ ಬರುತ್ತದೆ. ಬರುವಾಗ ಆ ದನಿ ಏರು ಶ್ರುತಿಯಲ್ಲಿರುತ್ತದೆ. ನಮ್ಮನ್ನು ದಾಟಿದ ಕೂಡಲೇ ದೊಪ್ಪನೆ ಇಳಿಯುತ್ತದೆ. ಹಾರ್ನ್ ಬದಲಾಗಿರುವುದಿಲ್ಲ. ಬರುವಾಗ ಧ್ವನಿಯ ಅಲೆಗಳು ಒತ್ತೊತ್ತಾಗಿ ಕಿವಿಗೆ ತಲುಪುತ್ತವೆ, ಹೋಗುವಾಗ ಬಿಡಿಬಿಡಿಯಾಗಿ. ಆಸ್ಟ್ರಿಯಾದ ಕ್ರಿಸ್ಟಿಯನ್ ಡಾಪ್ಲರ್ ಎಂಬ ಪ್ರಾಧ್ಯಾಪಕ 1842ರಲ್ಲಿ ಪ್ರಾಗ್ ನಗರದಲ್ಲಿ ಈ ತತ್ತ್ವವನ್ನು ಮಂಡಿಸಿದ. ಆತ ಹೊರಟದ್ದು ರೈಲಿನ ದನಿ ವಿವರಿಸಲಿಕ್ಕಲ್ಲ, ಜೋಡಿ ನಕ್ಷತ್ರಗಳ ಬಣ್ಣ ವಿವರಿಸಲಿಕ್ಕೆ. ನಕ್ಷತ್ರಗಳ ಬಣ್ಣಕ್ಕೆ ಅವು ಚಲಿಸುವುದೇ ಕಾರಣ ಎಂಬ ಅವನ ಊಹೆ ತಪ್ಪಾಯಿತು, ತತ್ತ್ವ ಮಾತ್ರ ನಿಂತಿತು. 1845ರಲ್ಲಿ ಹಾಲೆಂಡಿನ ಬೈಸ್ ಬ್ಯಾಲಟ್ ಎಂಬಾತ ಉತ್ರೆಕ್ಟ್ ಬಳಿ ರೈಲಿನಲ್ಲಿ ತುತ್ತೂರಿ ಊದುವವರನ್ನು ಕೂರಿಸಿ, ಸಂಗೀತ ಬಲ್ಲವರನ್ನು ಹಳಿಯ ಪಕ್ಕ ನಿಲ್ಲಿಸಿ, ಶ್ರುತಿ ಏರಿಳಿಯುವುದನ್ನು ಪರೀಕ್ಷಿಸಿ ನೋಡಿದ. ಇನ್ನೊಂದು ತಮಾಷೆ: ಖಗೋಳದಲ್ಲಿ ನಮ್ಮ ಕಡೆ ಬರುವ ನಕ್ಷತ್ರದ ಬೆಳಕು ನೀಲಿಯ ಕಡೆಗೂ ದೂರ ಸರಿಯುವುದರದು ಕೆಂಪಿನ ಕಡೆಗೂ ಜರುಗುತ್ತದೆ. ಎಕೋದವರ ರೂಢಿ ಇದಕ್ಕೆ ಸರಿಯಾಗಿ ಉಲ್ಟಾ!

ಹೃದಯದಲ್ಲಿ ಹಾರ್ನ್ ಹೊಡೆಯುವವರು ಯಾರೂ ಇಲ್ಲವಾದ್ದರಿಂದ ಪ್ರೋಬೇ ಧ್ವನಿ ಕಳಿಸುತ್ತದೆ. ಸೆಕೆಂಡಿಗೆ ಸುಮಾರು 25 ಲಕ್ಷ ಕಂಪನಗಳ ಧ್ವನಿ. ನಮ್ಮ ಕಿವಿಯ ಮಿತಿ ಸುಮಾರು 20,000. ರಕ್ತದ ಕೆಂಪು ಕಣಗಳಿಗೆ ತಾಗಿ ಅದು ಪ್ರತಿಧ್ವನಿಯಾಗಿ ಮರಳುತ್ತದೆ. ಕಣ ಎದುರು ಬರುತ್ತಿದ್ದರೆ ಮರಳಿದ ಧ್ವನಿಯ ಕಂಪನ ತುಸು ಹೆಚ್ಚು, ದೂರ ಹೋಗುತ್ತಿದ್ದರೆ ತುಸು ಕಡಿಮೆ. ಮೈಯೊಳಗೆ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್ ಎಂದು ಹಿಡಿದು ಲೆಕ್ಕ ಹಾಕಿದರೆ, ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ನೇರ ಎದುರು ಬರುವ ರಕ್ತದಿಂದ ಆಗುವ ವ್ಯತ್ಯಾಸ ಸುಮಾರು 3,200 ಕಂಪನ. ಅದು ನಮ್ಮ ಕಿವಿಗೆ ಕೇಳುವ ಧ್ವನಿಯೇ! ಬೆಂಚಿನ ಮೇಲೆ ಕೂತು ನಾನು ಕೇಳಿದ ‘ಹುಸ್ಸ್’ ಎಂಬುದು ಹೃದಯದ ಬಡಿತದ ಸಪ್ಪಳವಲ್ಲ. ಹೋದ ಧ್ವನಿಗೂ ಬಂದ ಧ್ವನಿಗೂ ನಡುವಿನ ವ್ಯತ್ಯಾಸವನ್ನು ಯಂತ್ರ ಸ್ಪೀಕರಿನಲ್ಲಿ ಕೇಳಿಸುತ್ತಿತ್ತು. ಒಂದು ಎಚ್ಚರಿಕೆ ಇಲ್ಲಿಯೇ ಹೇಳಿಬಿಡಬೇಕು. ಪ್ರೋಬು ರಕ್ತದ ದಾರಿಗೆ ನೇರವಾಗಿರಬೇಕು. 60 ಡಿಗ್ರಿ ಓರೆಯಾದರೆ ಯಂತ್ರ ಅರ್ಧ ವೇಗವನ್ನೇ ತೋರಿಸುತ್ತದೆ. ಪೂರ್ತಿ ಅಡ್ಡ ಹಿಡಿದರೆ ರಕ್ತ ಹರಿಯುತ್ತಲೇ ಇಲ್ಲವೇನೋ ಎಂಬಂತೆ ಕಾಣುತ್ತದೆ. ಡಾಕ್ಟರು ಅಕ್ಕನನ್ನು ಅಷ್ಟು ಹೊತ್ತು ಹೊರಳಿಸಿ, ಉಸಿರು ಬಿಡಿಸಿ, ಪ್ರೋಬನ್ನು ಕೂದಲೆಳೆಯಷ್ಟು ತಿರುಗಿಸಿ ಹುಡುಕುತ್ತಿದ್ದದ್ದು ಆ ನೇರವನ್ನೇ.

ಕೆಂಪು ನೀಲಿಯ ನಡುವೆ ಹಳದಿ ಹಸಿರು ಎಲ್ಲ ಕಲಸಿ ರಂಗೋಲಿ ಚೆಲ್ಲಿದಂತೆ ಕಂಡರೆ ಅದಕ್ಕೆ ಬೇರೆ ಅರ್ಥವಿದೆ. ಸಿನಿಮಾದಲ್ಲಿ ಜೋರಾಗಿ ಓಡುವ ಟಾಂಗಾದ ಗಾಲಿ ಹಿಂದಕ್ಕೆ ತಿರುಗಿದಂತೆ ಕಾಣುತ್ತದಲ್ಲ, ಅದೇ ಮೋಸ. ಯಂತ್ರ ಬಿಟ್ಟುಬಿಟ್ಟು ಧ್ವನಿ ಕಳಿಸುತ್ತ ನೋಡುವುದರಿಂದ ಅದರ ಮಿತಿ ಮೀರಿದ ವೇಗ ಬಂದಾಗ ದಿಕ್ಕು ಗುರುತಿಸಲಾಗದೆ ಕೆಂಪನ್ನು ನೀಲಿ ಮಾಡಿಬಿಡುತ್ತದೆ. ಜೊತೆಗೆ ಕಿರಿದಾದ ಕಡೆ ರಕ್ತ ಸುಳಿಸುಳಿಯಾಗಿ ನುಗ್ಗಿದರೆ ಬಣ್ಣಗಳು ಕಲಸಿಹೋಗುತ್ತವೆ. ಅಕ್ಕನ ಮೈಟ್ರಲ್ ಬಾಗಿಲಲ್ಲಿ ಮೇಣದಬತ್ತಿಯ ಉರಿಯ ಹಾಗೆ ಒಂದು ಉದ್ದನೆಯ ಬಣ್ಣದ ನಾಲಗೆ ಇತ್ತು. ನಮ್ಮ ಪತ್ರಿಕೆಯ ಸ್ಟೆನ್ಸಿಲ್ಲಿಗೆ ಒಂದೇ ಮಸಿ, ಹಾಗಾಗಿ ನೀವೇ ಊಹಿಸಿಕೊಳ್ಳಬೇಕು. ಬಣ್ಣ ‘ಇಲ್ಲಿ ನೋಡು’ ಎಂದು ಬೆರಳು ತೋರಿಸುತ್ತದೆ, ಅಳತೆ ಸಿಗುವುದು ಬೇರೆ ಕಡೆ.

ಆ ಬೇರೆ ಕಡೆ ಯಾವುದೆಂದರೆ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಗುಡ್ಡಗಳ ಸಾಲು. ಅಡ್ಡಕ್ಕೆ ಕಾಲ, ಉದ್ದಕ್ಕೆ ವೇಗ. ಆರೋಗ್ಯವಂತ ತರುಣರ ಮೈಟ್ರಲ್ ಬಾಗಿಲಲ್ಲಿ ಪ್ರತಿ ಬಡಿತಕ್ಕೆ ಎರಡು ಗುಡ್ಡ ಕಾಣುತ್ತವೆ. ಮೊದಲನೆಯದು ಎತ್ತರ: ಹೃತ್ಕುಕ್ಷಿ ಸಡಿಲಾದ ಕೂಡಲೇ ರಕ್ತ ತಾನಾಗಿ ನುಗ್ಗುವುದು, ಇದಕ್ಕೆ ‘ಇ’ ಅಲೆ ಅನ್ನುತ್ತಾರೆ. ಎರಡನೆಯದು ಗಿಡ್ಡ: ಹೃತ್ಕರ್ಣ ಕೊನೆಗೆ ಒಮ್ಮೆ ಹಿಂಡಿ ಉಳಿದದ್ದನ್ನು ನೂಕುವುದು, ಇದು ‘ಎ’ ಅಲೆ. ವಯಸ್ಸಾದಂತೆ ಹೃದಯದ ಗೋಡೆ ಬಿಗಿದು ಮೊದಲನೆಯದು ಗಿಡ್ಡಾಗಿ ಎರಡನೆಯದು ಎತ್ತರವಾಗುತ್ತದೆ. ಅರವತ್ತು ದಾಟಿದ ಎಷ್ಟೋ ಜನರ ವರದಿಯಲ್ಲಿ ‘ಗ್ರೇಡ್ 1 ಡಯಾಸ್ಟಾಲಿಕ್ ಡಿಸ್‌ಫಂಕ್ಷನ್’ ಎಂದು ಬರೆಯುವುದು ಇದನ್ನೇ. ರೋಗ ಇನ್ನೂ ಮುಂದುವರಿದರೆ ಒಳಗಿನ ಒತ್ತಡ ಏರಿ ಮೊದಲನೆಯ ಗುಡ್ಡ ಮತ್ತೆ ಎತ್ತರವಾಗಿ, ನೋಡುವವರಿಗೆ ಎಲ್ಲ ಸರಿಯಿದೆ ಎಂಬ ಭ್ರಮೆ ಹುಟ್ಟಿಸುತ್ತದೆ! ನಷ್ಟದ ಕಂಪನಿ ಸಾಲ ತಂದು ಲಾಭದ ಪಟ್ಟಿ ತೋರಿಸಿದ ಹಾಗೆ. ಅದನ್ನು ಹಿಡಿಯಲು ಡಾಕ್ಟರು ರಕ್ತದ ವೇಗ ಬಿಟ್ಟು ಹೃದಯದ ಗೋಡೆಯ ಚಲನೆಯನ್ನೇ ಡಾಪ್ಲರಿನಿಂದ ಅಳೆಯುತ್ತಾರಂತೆ. ಲೆಕ್ಕಪರಿಶೋಧಕರು ಪುಸ್ತಕ ಬಿಟ್ಟು ಗೋದಾಮಿಗೆ ಹೋಗಿ ಮಾಲು ಎಣಿಸಿದಂತೆ ಎಂದು ನನಗೆ ಬಹಳ ಹಿಡಿಸಿತು.

ಇದೇ ನೆವದಲ್ಲಿ ಇನ್ನೊಂದು ಮಾತು. ಅಕ್ಕನ ಚಾಳಿನ ಕಾಕಾ ಒಬ್ಬರು ತಮ್ಮ ವರದಿಯಲ್ಲಿ ‘ಟ್ರಿವಿಯಲ್ ಟಿ.ಆರ್.’ ಎಂದು ಓದಿ ಒಂದು ತಿಂಗಳು ಮಾಳಿಗೆ ಹತ್ತಿರಲಿಲ್ಲ. ಬಲಗಡೆಯ ತ್ರಿದಳ ಕವಾಟ ಮುಚ್ಚುವಾಗ ಒಂದಿಷ್ಟು ರಕ್ತ ಹಿಂದಕ್ಕೆ ಜಿನುಗುವುದು ಆರೋಗ್ಯವಂತರಲ್ಲೂ ಬಹಳ ಜನರಿಗೆ ಇರುತ್ತದೆ. ಯಂತ್ರ ಸೂಕ್ಷ್ಮವಾದ್ದರಿಂದ ಕಾಣುತ್ತದೆ, ಕಂಡದ್ದರಿಂದ ಬರೆಯುತ್ತಾರೆ. ಆ ಶಬ್ದದ ಅರ್ಥವೇ ‘ಕ್ಷುಲ್ಲಕ’.

ಅಕ್ಕನ ಗುಡ್ಡ ಬೇರೆ ಥರ. ಎತ್ತರವಾಗಿ ಏರಿ, ಇಳಿಯಲು ಒಲ್ಲೆನೆಂಬಂತೆ ಓರೆಯಾದ ಮಾಳಿಗೆಯ ಹಾಗೆ ಉದ್ದಕ್ಕೂ ನಿಂತಿತ್ತು. ಇದನ್ನು ತಿಳಿಯಲು ಭೋಸರಿಯ ಕಾರಖಾನೆಯ ಗೇಟೇ ಸಾಕು. ಶಿಫ್ಟ್ ಬಿಟ್ಟಾಗ ಗೇಟು ಅಗಲವಿದ್ದರೆ ಮಂದಿ ಎರಡು ನಿಮಿಷದಲ್ಲಿ ಖಾಲಿ, ಒಳಗಿನ ಒತ್ತಾಟ ತಟ್ಟನೆ ಇಳಿಯುತ್ತದೆ. ಒಂದೇ ಕಿಂಡಿಬಾಗಿಲು ತೆರೆದಿದ್ದರೆ ಹತ್ತು ನಿಮಿಷವಾದರೂ ನೂಕುನುಗ್ಗಲು ಇಳಿಯುವುದಿಲ್ಲ. ಕವಾಟದ ಎರಡು ಬದಿಯ ಒತ್ತಡದ ಅಂತರ ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು ಎಂದು ಅಳೆದು, 220ನ್ನು ಆ ಮಿಲಿಸೆಕೆಂಡುಗಳಿಂದ ಭಾಗಿಸಿದರೆ ಬಾಗಿಲಿನ ವಿಸ್ತೀರ್ಣ ಚದರ ಸೆಂಟಿಮೀಟರಿನಲ್ಲಿ ಬರುತ್ತದೆ. ಅಕ್ಕನದು 170 ಮಿಲಿಸೆಕೆಂಡು, ಅಂದರೆ ಸುಮಾರು 1.3. ಸರಿಯಾದ ಬಾಗಿಲು 4ರಿಂದ 6 ಇರುತ್ತದೆ; 1.5ಕ್ಕೆ ಇಳಿದರೆ ಈಗ ತೀವ್ರವೆಂದೇ ಲೆಕ್ಕ. ಈ ಸೂತ್ರ ಎಲ್ಲ ಹೃದಯಗಳಿಗೂ ಹೊಂದುವುದಿಲ್ಲವಾದ್ದರಿಂದ ಬಾಗಿಲಿನ ಚಿತ್ರದ ಮೇಲೆಯೇ ಗೆರೆ ಎಳೆದೂ ಅಳೆಯುತ್ತಾರೆ.

ಎರಡನೆಯ ಲೆಕ್ಕವೇ ನನ್ನನ್ನು ಕೆಡವಿದ್ದು. ರಕ್ತದ ವೇಗವನ್ನು ಅದರಿಂದಲೇ ಗುಣಿಸಿ ಮತ್ತೆ 4ರಿಂದ ಗುಣಿಸಿದರೆ ಆ ಬಾಗಿಲಿನ ಎರಡು ಬದಿಯ ಒತ್ತಡದ ಅಂತರ ಸಿಗುತ್ತದೆ. ವೇಗ 1 ಮೀಟರಾದರೆ 4 ಮಿಲಿಮೀಟರ್ ಪಾದರಸ, 2 ಮೀಟರಾದರೆ 16. 1970ರ ದಶಕದ ಕೊನೆಯಲ್ಲಿ ನಾರ್ವೆಯ ಲಿವ್ ಹಾಟ್ಲೆ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ಇದನ್ನು ರೋಗಿಗಳಲ್ಲಿ ಅಳೆದು ತೋರಿಸಿದರು. ಹೃದಯದೊಳಕ್ಕೆ ನಳಿಗೆ ತೂರಿಸಿ ತಿಳಿಯಬೇಕಿದ್ದ ಒತ್ತಡ ಎದೆಯ ಮೇಲಿಂದಲೇ ತಿಳಿಯುವಂತಾಯಿತು. ಯಂತ್ರ ಇಡೀ ಗುಡ್ಡದ ಅಂಚನ್ನು ಹಿಡಿದು ಸರಾಸರಿ ತೆಗೆಯುತ್ತದೆ. ವರದಿಯಲ್ಲಿ ಅದು ‘ಮೀನ್ ಗ್ರೇಡಿಯೆಂಟ್’.

ಹಿಂದಿನ ವರ್ಷದ ವರದಿಯಲ್ಲಿ ಅದು 6 ಇತ್ತು. ಆರನೆಯ ತಿಂಗಳಲ್ಲಿ 13. ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು, ಲೆಕ್ಕ ಬಲ್ಲವನೆಂಬ ಜಂಬದಲ್ಲಿ ನಾನು ಮನೆಯಲ್ಲಿ ಸಾರಿದೆ: “ಒಂದು ವರ್ಷದಾಗ ಬ್ಯಾನಿ ಎರಡು ಪಟ್ಟಾಗೇದ. ಬಾಗಿಲಾ ಅರ್ಧಾ ಮುಚ್ಚೇದ.” ಆ ರಾತ್ರಿ ಯಾರೂ ಉಣ್ಣಲಿಲ್ಲ. ಅಕ್ಕನ ಅತ್ತಿ ಗರ್ಭ ತೆಗೆಸುವ ಮಾತು ಎತ್ತಿದರು, ಕೆಟ್ಟ ಮನಸ್ಸಿನಿಂದಲ್ಲ, ಸೊಸೆ ಉಳಿಯಲೆಂದು. ಭಾವ ಹೊರಗೆ ಹೋಗಿ ನಿಂತರು. ಅಕ್ಕ ಗೋಡೆಯ ಕಡೆ ಮುಖ ಮಾಡಿ, ದಿಂಬು ಏರಿಸಿಕೊಂಡು ಕೂತೇ ಬೆಳಗು ಮಾಡಿದಳು. ಮಲಗಿದರೆ ಉಸಿರು ಸಿಕ್ಕುತ್ತಿರಲಿಲ್ಲ.

ಮರುದಿನ ಡಾಕ್ಟರು ನನ್ನ ಲೆಕ್ಕ ಕೇಳಿ ಸಿಟ್ಟಾಗಲಿಲ್ಲ. ವರದಿಯ ಮೇಲೆ ಎರಡು ಕಡೆ ಪೆನ್ನಿನಿಂದ ಸುತ್ತು ಹಾಕಿದರು. ಒಂದು, ವಿಸ್ತೀರ್ಣ: ಆಗಲೂ 1.3, ಈಗಲೂ 1.3. ಇನ್ನೊಂದು, ಮೂಲೆಯಲ್ಲಿ ಸಣ್ಣಕ್ಷರದಲ್ಲಿದ್ದ ನಾಡಿ: ಆಗ 72, ಈಗ 108. ಬಾಗಿಲು ಕಿರಿದಾಗಿರಲಿಲ್ಲ, ಮಂದಿ ಹೆಚ್ಚಾಗಿದ್ದರು. ದೀಪಾವಳಿಯ ಮುಂಚೆ ಓವರ್‌ಟೈಮ್ ಶಿಫ್ಟಿನವರೂ ಒಮ್ಮೆಗೇ ಹೊರಟರೆ ಅದೇ ಗೇಟಿನಲ್ಲಿ ನುಗ್ಗಾಟ ಹೇಗಿರುತ್ತದೆ? ಬಸುರಿಯ ಹೃದಯ ನಿಮಿಷಕ್ಕೆ ನೂಕುವ ರಕ್ತ ಸಾಮಾನ್ಯಕ್ಕಿಂತ ಶೇಕಡಾ 30ರಿಂದ 50ರಷ್ಟು ಹೆಚ್ಚಾಗುತ್ತದೆ. ಸಾಲದ್ದಕ್ಕೆ ನಾಡಿ 72 ಇದ್ದಾಗ ಒಂದು ಬಡಿತಕ್ಕೆ 0.83 ಸೆಕೆಂಡು ಸಿಗುತ್ತಿತ್ತು, 108 ಆದಾಗ 0.56. ಈ ಕಡಿತದಲ್ಲಿ ಹೆಚ್ಚಿನ ಪಾಲು ಬೀಳುವುದು ಬಾಗಿಲು ತೆರೆದಿರುವ ಹೊತ್ತಿನ ಮೇಲೆಯೇ. ಹೆಚ್ಚು ರಕ್ತ, ಕಡಿಮೆ ಹೊತ್ತು, ಅದೇ ಬಾಗಿಲು, ವೇಗ ಏರಲೇಬೇಕು. ಒತ್ತಡ ವೇಗದ ವರ್ಗಕ್ಕೆ ಅನುಸಾರವಾಗಿ ಏರುವುದರಿಂದ ವೇಗ ಒಂದೂವರೆ ಪಟ್ಟಾಗುವ ಮೊದಲೇ 6 ಇದ್ದದ್ದು 13 ಆಗಿಬಿಡುತ್ತದೆ.

ಹಾಗಾದರೆ 13 ಸುಳ್ಳೇ? ಸುಳ್ಳಲ್ಲ. ಆ ಒತ್ತಡ ಹಿಂದಕ್ಕೆ ಪುಪ್ಪುಸಕ್ಕೆ ತಟ್ಟುತ್ತಿತ್ತು, ಅಕ್ಕನಿಗೆ ಮಲಗಲಾಗದ್ದು ಅದರಿಂದಲೇ. ಸುಮ್ಮನೆ ಬಿಟ್ಟಿದ್ದರೆ ಪುಪ್ಪುಸದಲ್ಲಿ ನೀರು ತುಂಬಿ ಜೀವಕ್ಕೇ ಬರುತ್ತಿತ್ತು. ಆದರೆ ಕವಾಟ ಕಿರಿದಾಗುತ್ತ ಹೋಗಿ 13 ಆದರೆ ಉಪಾಯ ಬೇರೆ, ನಾಡಿಯ ಅವಸರದಿಂದ 13 ಆದರೆ ಉಪಾಯ ಬೇರೆ. ಅಕ್ಕನಿಗೆ ಕೊಟ್ಟದ್ದು ನಾಡಿ ನಿಧಾನಿಸುವ ಗುಳಿಗೆ, ನೀರಿಳಿಸುವ ಗುಳಿಗೆ, ಎಡಮಗ್ಗುಲಿನ ವಿಶ್ರಾಂತಿ. ಇವುಗಳಿಂದ ಆಗದಿದ್ದರೆ ಬಸುರಿಯಲ್ಲಿಯೇ ಬಲೂನಿನಿಂದ ಕವಾಟ ಬಿಡಿಸುವುದೂ ಉಂಟು ಎಂದರು. ಎರಡು ವಾರದ ಮೇಲೆ ಮೂರನೆಯ ವರದಿ: ನಾಡಿ 78, ವಿಸ್ತೀರ್ಣ 1.3, ಗ್ರೇಡಿಯೆಂಟ್ 8. ಆ ರಾತ್ರಿ ಅಕ್ಕ ಮಲಗಿ ನಿದ್ದೆ ಮಾಡಿದಳು.

ವಾಣಿಜ್ಯ ತರಗತಿಯಲ್ಲಿ ನಮಗೆ ಮೊದಲ ವರ್ಷವೇ ಹೇಳುತ್ತಾರೆ, ವಹಿವಾಟು ಎಷ್ಟೆಂದು ನೋಡದೆ ಲಾಭನಷ್ಟದ ಒಂದಂಕಿಯನ್ನು ಹೋಲಿಸಬಾರದೆಂದು. ಆ ಪ್ರಶ್ನೆಗೆ ನಾನು ಪೂರ್ತಿ ಅಂಕ ಪಡೆದಿದ್ದೆ.

ಮಗು ಹೆಣ್ಣು. ಈಗ ನಾಲ್ಕು ತಿಂಗಳು. ಹೆರಿಗೆಯ ಹೊತ್ತಿನಲ್ಲೂ ಮೊದಲ ಒಂದೆರಡು ದಿನವೂ ಬಹಳ ಜಾಗ್ರತೆ ಬೇಕೆಂದು ದೊಡ್ಡ ಆಸ್ಪತ್ರೆಯಲ್ಲಿಯೇ ಇಟ್ಟುಕೊಂಡಿದ್ದರು. ಅಕ್ಕ 21 ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ ಮಾಡಿಸಿಕೊಳ್ಳುತ್ತಾಳೆ, ಆ ಹಳೆಯ ಜ್ವರ ಮರುಕಳಿಸದಂತೆ. ಕವಾಟದ ಎಸಳುಗಳು ಇನ್ನೂ ಮೆತ್ತಗಿರುವುದರಿಂದ ಎದೆ ಕೊಯ್ಯದೆ, ತೊಡೆಯ ರಕ್ತನಾಳದಿಂದ ಬಲೂನು ಕಳಿಸಿ ಉಬ್ಬಿಸಿ ಅಂಟಿದ ಅಂಚು ಬಿಡಿಸಬಹುದೆಂದು ಹೇಳಿದ್ದಾರೆ. ಜಪಾನಿನ ಇನೋಯೆ ಎಂಬ ಶಸ್ತ್ರವೈದ್ಯರು 1984ರಲ್ಲಿ ಪ್ರಕಟಿಸಿದ ವಿಧಾನವಿದು. ಬೆಂಗಳೂರಿನ ಜಯದೇವ ಸಂಸ್ಥೆಯಲ್ಲಿ ಬಹಳ ಜನರಿಗೆ ಮಾಡಿದ್ದಾರೆ, ಪುಣೆಯಲ್ಲೂ ಮಾಡುತ್ತಾರೆ. ಎಲ್ಲಿ ಮಾಡಿಸುವುದೆಂದು ಭಾವ ಮತ್ತು ಅಪ್ಪ ಇನ್ನೂ ಚರ್ಚೆ ನಡೆಸಿದ್ದಾರೆ. ಅದಕ್ಕೆ ಮೊದಲು ಇನ್ನೊಂದು ಎಕೋ ಆಗಬೇಕು, ಬರುವ ತಿಂಗಳು ತಾರೀಖು ಸಿಕ್ಕಿದೆ. ನಾನು ಹೋಗುತ್ತೇನೆ. ವರದಿಯಲ್ಲಿ ನಾಡಿ ಎಷ್ಟೆಂದು ಬರೆದಿದೆಯೋ ಇಲ್ಲವೋ ನೋಡಿಕೊಂಡೇ ಕೋಣೆ ಬಿಟ್ಟು ಬರಬೇಕೆಂದು ಅಕ್ಕ ಈಗಲೇ ತಾಕೀತು ಮಾಡಿದ್ದಾಳೆ.